‘ನಮ್ಮ ಜಾತಿ ನಿಂಗೆ ಗೊತ್ತಿಲ್ವಾ?’

ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷದ ಫೀಲ್ಡ್‌ವರ್ಕಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆಯೇ ಎಡವಟ್ಟಾಯಿತು. ಸಂಘದ ಹೆಂಗಸರ ನಡುವೆ ಕೂತು, ನೋಟ್‌ಬುಕ್ಕು ತೆರೆದು, ‘ನಿಮ್ಮ ಸಮುದಾಯದ ಬಗ್ಗೆ ಹೇಳಿ’ ಅಂದೆ. ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿಯೊಬ್ಬರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ‘ಯಾಕವ್ವಾ, ಈ ಊರಿಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷ ಆಯ್ತು. ನಮ್ಮ ಜಾತಿ ನಿಂಗೆ ಗೊತ್ತಿಲ್ವಾ?’

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಜ್ಜಿಯದೇನೂ ತಪ್ಪಿಲ್ಲ. ಭಾಷಣದಲ್ಲಿ ‘ನಮ್ಮ ಸಮುದಾಯಕ್ಕೆ ಅನ್ಯಾಯ’ ಅಂದರೆ ಅದು ಯಾವ ಅರ್ಥದಲ್ಲಿ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ನನ್ನ ಪಾಠದ ಪುಸ್ತಕದ ಅರ್ಧ ನಿಂತಿದ್ದದ್ದೇ ಆ ಒಂದು ಪದದ ಮೇಲೆ: ಕಮ್ಯುನಿಟಿ.

ನಾನು ಶಿರಾ ತಾಲ್ಲೂಕಿನವಳು. ಹೆಂಗಸರ ಸ್ವಸಹಾಯ ಸಂಘಗಳು ಸೇರಿ ಆದ ಸಂಜೀವಿನಿ ಒಕ್ಕೂಟದಲ್ಲಿ ಎಂಬಿಕೆ, ಅಂದರೆ ಮುಖ್ಯ ಪುಸ್ತಕ ಬರಹಗಾರ್ತಿ. ಬಿ.ಎ. ಆಗಿತ್ತು. ಮುಂದೆ ಓದಬೇಕೆಂಬ ಆಸೆ ಇತ್ತು, ಮಕ್ಕಳನ್ನೂ ಹಸುವನ್ನೂ ಬಿಟ್ಟು ತುಮಕೂರಿನಲ್ಲಿ ಕೂತು ಓದುವ ಹಾಗಿರಲಿಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯಕ್ಕೆ, ಅಂದರೆ ಇಗ್ನೋಗೆ ಸೇರಿದೆ. ಹೆಸರಿಗೆ ದೂರಶಿಕ್ಷಣವಾದರೂ ಅರ್ಜಿ, ಶುಲ್ಕ, ಪುಸ್ತಕ ಎಲ್ಲ ಫೋನಿನಲ್ಲೇ ನಡೆಯಿತು. ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಿ ಪೆನ್ನು ಹಿಡಿಯಬೇಕು. ಎರಡು ವರ್ಷದ ಕೋರ್ಸು, ನಾಲ್ಕು ವರ್ಷದೊಳಗೆ ಮುಗಿಸಬಹುದು. ನನಗೆ ಮೂರು ಹಿಡಿಯಿತು. ಸಂಶೋಧನೆ ಮತ್ತು ಅಂಕಿಅಂಶದ ಪೇಪರಿನಲ್ಲಿ ಒಮ್ಮೆ ಹೊಡೆತ ತಿಂದೆ. ದಿನಾ ಲೆಕ್ಕ ಬರೆಯುವವಳು ಲೆಕ್ಕದಲ್ಲೇ ಫೇಲಾದೆ ಎಂದು ಮನೆಯವರು ಇನ್ನೂ ಆಡಿಕೊಳ್ಳುತ್ತಾರೆ.

ಸೇರುವ ಮುಂಚೆ ಒಬ್ಬ ಏಜೆಂಟ್ ಫೋನ್ ಮಾಡಿದ್ದ. ‘ಮೇಡಂ, ನೀವು ಮನೇಲಿರಿ, ಫೀಲ್ಡ್‌ವರ್ಕ್ ರಿಪೋರ್ಟೂ ನಾವೇ ಮಾಡಿಕೊಡ್ತೀವಿ.’ ಇಂಥವರು ಸಿಕ್ಕರೆ ಫೋನ್ ಇಟ್ಟುಬಿಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಅನುಮತಿ ಇದೆ ಎಂಬ ಪಟ್ಟಿ ಇರುತ್ತದೆ, ಅದನ್ನು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಇನ್ನೊಂದು ಮಾತು: ಇಗ್ನೋ ಪುಸ್ತಕಗಳು ಅದರದೇ ಜಾಲತಾಣ ಇಜ್ಞಾನಕೋಶದಲ್ಲಿ (eGyanKosh) ಬಿಟ್ಟಿಯಾಗಿ ಸಿಗುತ್ತವೆ. ಸೇರುವ ಮೊದಲೇ ಇಳಿಸಿಕೊಂಡು ನಾಲ್ಕು ಪಾಠ ಓದಿ, ರುಚಿ ಹತ್ತಿದರೆ ಸೇರಿ.

ಕನ್ನಡದಲ್ಲಿ ಬರೆಯುವ ಅವಕಾಶವಿಲ್ಲ, ಇಂಗ್ಲಿಷ್ ಅಥವಾ ಹಿಂದಿ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಜೋರಾಗಿ ಓದುತ್ತಿದ್ದೆ. ಕಣ್ಣಿಗೆ ಅರ್ಥವಾಗದ್ದು ಕೆಲವೊಮ್ಮೆ ಕಿವಿಗೆ ಅರ್ಥವಾಗುತ್ತದೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ನಮ್ಮೂರಲ್ಲಿ ಅದಕ್ಕೆ ಏನಂತಾರೆ ಎಂದು ಬರೆದ ಒಂದು ಪುಸ್ತಕ ಇಟ್ಟಿದ್ದೆ. ಕಮ್ಯುನಿಟಿಯ ಬಲಗಡೆ ಬಹಳ ದಿನ ಖಾಲಿಯೇ ಇತ್ತು.

ಫೀಲ್ಡ್‌ವರ್ಕಿನಲ್ಲಿ ಊರಿನ ನಕ್ಷೆ ಬರೆಸುವುದೊಂದು ಕೆಲಸ. ಕಾಗದದ ಮೇಲಲ್ಲ, ನೆಲದ ಮೇಲೆ, ನಾವಲ್ಲ, ಊರಿನವರೇ. ಗ್ರಾಮಾಭಿವೃದ್ಧಿ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಮುಂತಾದವರು ಜನಪ್ರಿಯಗೊಳಿಸಿದ ವಿಧಾನ. ಗುಡಿ ಮುಂದಿನ ಜಾಗ ಗುಡಿಸಿ ರಂಗೋಲಿ ಪುಡಿ, ಹುಣಸೆ ಬೀಜ, ಇಟ್ಟಿಗೆ ಚೂರು ಕೊಟ್ಟು ನಾನು ಹಿಂದೆ ಸರಿದೆ. ಗಂಡಸರು ಗುಂಪಾಗಿ ಬರೆದದ್ದರಲ್ಲಿ ಟಾರು ರಸ್ತೆ, ಗುಡಿ, ಅರಳಿಕಟ್ಟೆ, ಯಾರ ಬೋರು ಎಲ್ಲಿ. ಹೆಂಗಸರು ಬರೆದದ್ದರಲ್ಲಿ ನ್ಯಾಯಬೆಲೆ ಅಂಗಡಿ ಗುಡಿಗಿಂತ ದೊಡ್ಡದು. ಹಿಟ್ಟಿನ ಗಿರಣಿ, ನಲ್ಲಿ, ಸೌದೆಗೆ ಹೋಗುವ ದಾರಿ ಇದ್ದವು. ಕೈಗಡ ಹುಟ್ಟುವ ಎರಡು ಮನೆಗೆ ಹುಣಸೆ ಬೀಜ ಇಟ್ಟಿದ್ದರು. ನನಗೆ ಖುಷಿಯೋ ಖುಷಿ, ಫೋಟೋ ಹೊಡೆದುಕೊಂಡೆ.

ರಾತ್ರಿ ಊಟವಾದ ಮೇಲೆ ಫೋಟೋ ನೋಡುತ್ತಾ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಪೆನ್ಸಿಲ್ ನಿಂತಿತು. ಎರಡು ನಕ್ಷೆಯಲ್ಲೂ ಕೇರಿಯೇ ಇರಲಿಲ್ಲ. ಕೇರಿಯಲ್ಲಿ ನಮ್ಮ ಒಕ್ಕೂಟದ್ದೇ ಎರಡು ಸಂಘಗಳಿವೆ, ತಿಂಗಳು ತಿಂಗಳು ಅವುಗಳ ಪುಸ್ತಕ ನೋಡುವವಳು ನಾನೇ. ಬರೆದವರು ಬಿಟ್ಟದ್ದಿರಲಿ, ಎದುರು ನಿಂತು ನೋಡಿದ ನನಗೂ ಬಿಟ್ಟುಹೋದದ್ದು ಗೊತ್ತಾಗಿರಲಿಲ್ಲ. ಗುಡಿ ಮುಂದೆ ಜಾಗ ಹಿಡಿದರೆ ಅಲ್ಲಿಗೆ ಯಾರು ಬಂದು ಕೂರುತ್ತಾರೆ, ಯಾರು ಕೂರುವುದಿಲ್ಲ ಎನ್ನುವುದನ್ನು ಯೋಚಿಸಿಯೂ ಇರಲಿಲ್ಲ.

ಮುಂದಿನ ವಾರ ಕೇರಿಯ ಅಂಗನವಾಡಿ ಹತ್ತಿರ ಮತ್ತೆ ಬರೆಸಿದೆ. ಅಲ್ಲಿ ನಕ್ಷೆ ಕೇರಿಯಿಂದಲೇ ಶುರುವಾಯಿತು, ಮನೆ ಮನೆಯೂ ಬಂತು. ಊರು ಅನ್ನುವುದು ನಲ್ಲಿಗೂ ಬಸ್ಸಿಗೂ ಹೋಗುವ ಒಂದು ಗೆರೆ, ಅಷ್ಟೇ.

ಅದೇ ಸಮಯಕ್ಕೆ ಸ್ವಸಹಾಯ ಸಂಘಗಳ ಚರಿತ್ರೆ ಓದುತ್ತಿದ್ದೆ. ನಮ್ಮ ಸಂಘಗಳ ಬೇರು ಕರ್ನಾಟಕದಲ್ಲೇ ಇದೆ ಎಂದು ಗೊತ್ತಾದದ್ದು ಆಗಲೇ. 1980ರ ದಶಕದ ನಡುವೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಒಬ್ಬರನ್ನೊಬ್ಬರು ನಂಬುವವರು ಚಿಕ್ಕ ಗುಂಪಾಗಿ ಉಳಿದುಕೊಂಡರು. 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ನಂಬಿಕೆಯೇ ಬಂಡವಾಳ, ಸರಿ. ಆದರೆ ನಮ್ಮೂರಲ್ಲಿ ನಂಬಿಕೆ ಬೀದಿ ದಾಟುವುದು ಕಷ್ಟ, ಬೀದಿ ಅಂದರೆ ಜಾತಿ. ಸಾಲ ಸರಿಯಾಗಿ ವಾಪಸ್ ಬರುವುದಕ್ಕೂ ನಕ್ಷೆಯಿಂದ ಕೇರಿ ಕಾಣೆಯಾಗುವುದಕ್ಕೂ ಕಾರಣ ಒಂದೇ ಇರಬಹುದು ಎಂದು ಅಸೈನ್‌ಮೆಂಟಿನಲ್ಲಿ ಬರೆದೆ. ಪದಪುಸ್ತಕದ ಬಲಗಡೆ ‘ಊರುಕೇರಿ’ ಎಂದು ತುಂಬಿದೆ. ಇಂಗ್ಲಿಷಿನ ಪದ ಒಡಕನ್ನು ಮುಚ್ಚುತ್ತದೆ, ನಮ್ಮದು ಹೆಸರಿನಲ್ಲೇ ಇಟ್ಟುಕೊಂಡಿದೆ.

ಎರಡನೇ ಪೆಟ್ಟು ಕೊಟ್ಟವರು ಶೆರಿ ಆರ್ನ್‌ಸ್ಟೈನ್. ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿ ಮಾಡಿ 1969ರಲ್ಲಿ ಬರೆದ ಅಮೆರಿಕದ ಹೆಂಗಸು. ತಳದ ಮೆಟ್ಟಿಲು, ಜನರನ್ನು ಕೂರಿಸಿ ಸುಮ್ಮನೆ ತಲೆಯಾಡಿಸುವಂತೆ ಮಾಡುವುದು. ನಡುವೆ ವಿಷಯ ತಿಳಿಸುವುದು, ಅಭಿಪ್ರಾಯ ಕೇಳುವುದು. ತುದಿಯಲ್ಲಿ ತೀರ್ಮಾನವೇ ಜನರ ಕೈಗೆ. ಗ್ರಾಮಸಭೆಯನ್ನು ತಳಕ್ಕೆ ಹಾಕಿ ಹಾಯಾಗಿದ್ದೆ. ಆಮೇಲೆ ನಮ್ಮ ಒಕ್ಕೂಟದ ಸಭೆ ನೆನಪಾಯಿತು. ನಡಾವಳಿ ಪುಸ್ತಕದಲ್ಲಿ ಖಾಲಿ ಹಾಳೆಗೆ ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ನಿರ್ಣಯವನ್ನು ಮನೆಯಲ್ಲಿ ಕೂತು ಬರೆಯುತ್ತಿದ್ದವಳು ನಾನು. ಕೆಟ್ಟ ಉದ್ದೇಶ ಇರಲಿಲ್ಲ, ಎಲ್ಲರಿಗೂ ಹಾಲು ಕರೆಯುವ ಹೊತ್ತಾಗಿರುತ್ತಿತ್ತು. ಆದರೂ ತಳದ ಮೆಟ್ಟಿಲೇ.

ಆ ತಿಂಗಳಿನಿಂದ ನಿರ್ಣಯ ಅಲ್ಲೇ ಬರೆದು, ಜೋರಾಗಿ ಓದಿ, ಆಮೇಲೆ ಪುಸ್ತಕ ಮುಂದಿಡುತ್ತೇನೆ. ಮೊದಲ ಎರಡು ಸಭೆ ಬೈಸಿಕೊಂಡೆ. ‘ಇಷ್ಟು ದಿನ ಇಲ್ಲದ್ದು ಈಗೇನಿದು, ಓದು ಜಾಸ್ತಿ ಆಯ್ತಾ?’ ಮೂರನೆಯದರಲ್ಲಿ ಸಾಲದ ಸರದಿ ಓದುವಾಗ ಕೇರಿ ಸಂಘದ ಪ್ರತಿನಿಧಿ ಕೈ ಎತ್ತಿದರು. ‘ಅಕ್ಕಾ, ಇನ್ನೊಂದ್ಸಲ ಓದು. ಹೋದ ವರ್ಷವೂ ನಾವೇ ಕಡೇಲಿದ್ವಲ್ಲ?’ ಹಳೆಯ ನಡಾವಳಿ ತೆಗೆದು ನೋಡಿದೆವು. ಹೌದು, ಕಡೆಯಲ್ಲೇ ಇದ್ದರು, ನನ್ನದೇ ಅಕ್ಷರದಲ್ಲಿ. ಅವತ್ತು ಸಭೆ ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು. ಸರದಿ ಬದಲಾಯಿತು, ಇಬ್ಬರು ಸಹಿ ಹಾಕದೆ ಎದ್ದುಹೋದರು.