ರೆಂಡರ್ ಹಾಕಿದರೆ ಕಂಪ್ಯೂಟರ್ ರೀಸ್ಟಾರ್ಟ್: ನಾನು ಕಾರಣ ಹುಡುಕಿದ ಬಗೆ

ಮನೆ ಕಟ್ಟಿಸುವವರಿಗೆ ಎಲಿವೇಷನ್, ಇಂಟೀರಿಯರ್ ತ್ರೀಡಿ ಮಾಡಿಕೊಡುವುದು ನನ್ನ ಕೆಲಸ. ಮಾಡೆಲ್ ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ನಲ್ಲಿ, ರೆಂಡರ್ (ಮಾಡೆಲ್‌ನಿಂದ ಫೋಟೋದಂಥ ಚಿತ್ರ ತೆಗೆಯುವುದು) ಅದರಲ್ಲೇ ಇರುವ ಸೈಕಲ್ಸ್‌ನಲ್ಲಿ. ಮಾಡೆಲ್ ಮಾಡುವಾಗ ಏನೂ ತೊಂದರೆ ಇರಲಿಲ್ಲ. ರೆಂಡರ್ ಹಾಕಿ ಸ್ವಲ್ಪ ಹೊತ್ತಾದರೆ ಸಾಕು, ಕಂಪ್ಯೂಟರ್ ಇದ್ದಕ್ಕಿದ್ದಂತೆ ರೀಸ್ಟಾರ್ಟ್ ಆಗುತ್ತಿತ್ತು. ನೀಲಿ ಸ್ಕ್ರೀನ್ ಇಲ್ಲ, ಎರರ್ ಮೆಸೇಜೂ ಇಲ್ಲ. ಗೊತ್ತಿದ್ದವರನ್ನು ಕೇಳಿದರೆ ಎಲ್ಲರೂ ಹೇಳಿದ್ದು ಒಂದೇ: ವಿಂಡೋಸ್ ಫಾರ್ಮ್ಯಾಟ್ ಮಾಡಿಸಿ.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಬ್ಲೆಂಡರ್ ಒಂದೇ ಮುಚ್ಚಿಹೋಗುವುದು ಬೇರೆ, ಇಡೀ ಮಷಿನ್ ಕೂತುಬಿಡುವುದು ಬೇರೆ. ಬ್ಲೆಂಡರ್ ಮಾತ್ರ ಮುಚ್ಚಿದರೆ ಫೈಲು, ಆಡ್‌ಆನ್, ಮೆಮೊರಿ ಕಡೆ ನೋಡಬೇಕು. ಮಷಿನ್ನೇ ಹೋದರೆ ಇನ್ನೂ ಕೆಳಗೆ ಇಳಿಯಬೇಕು: ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್), ಬಿಸಿ, ರ್‍ಯಾಮ್, ಕರೆಂಟು. ತ್ರೀಡಿ ರೆಂಡರ್ ಅಂದರೆ ಗ್ರಾಫಿಕ್ಸ್ ಕಾರ್ಡಿಗೆ ಪೂರ್ತಿ ದುಡಿಮೆ, ಅಲ್ವಾ? ಎಕ್ಸೆಲ್, ಬ್ರೌಸರ್ ನಡೆಸುವಾಗ ಎಂದೂ ಕಾಣದ ಕೊರತೆ ಆಗ ಹೊರಬೀಳುತ್ತದೆ.

ಮೊದಲು ಇವೆಂಟ್ ವ್ಯೂಯರ್ ತೆಗೆದೆ, ಮಷಿನ್‌ನಲ್ಲಿ ಆದದ್ದನ್ನು ವಿಂಡೋಸ್ ಬರೆದಿಡುವ ಜಾಗ ಅದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಪ್ರತಿ ರೀಸ್ಟಾರ್ಟ್ ಆದ ಹೊತ್ತಿಗೂ ಅಲ್ಲಿ ಕರ್ನಲ್-ಪವರ್ 41 ಅಂತ ಒಂದು ಸಾಲಿತ್ತು. ಮಷಿನ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ ಅದರ ಅರ್ಥ, ಕಾರಣ ಅದರಲ್ಲಿ ಇರುವುದಿಲ್ಲ. ಆದರೆ ಡೀಟೇಲ್ಸ್ ಒಳಗೆ ಬಗ್‌ಚೆಕ್‌ಕೋಡ್ ಅಂತ ಒಂದು ಅಂಕಿ ಇದೆ, ಅದನ್ನು ನೋಡಲೇಬೇಕು. ನನ್ನದರಲ್ಲಿ ಸೊನ್ನೆ ಇತ್ತು. ನೀಲಿ ಸ್ಕ್ರೀನ್ ತೋರಿಸಿ ಕೋಡ್ ಬರೆದಿಡುವಷ್ಟು ಸಮಯವೂ ವಿಂಡೋಸ್‌ಗೆ ಸಿಕ್ಕಿರಲಿಲ್ಲ. ಅಂದರೆ ಅನುಮಾನ ಕರೆಂಟಿನ ಕಡೆಗೆ ಹೋಯಿತು. ಡ್ರೈವರ್ ಕೈಕೊಟ್ಟಿದ್ದರೆ ಸಾಮಾನ್ಯವಾಗಿ ಡಿಸ್‌ಪ್ಲೇ 4101 ಎಂಬ ಸಾಲು ಕಾಣುತ್ತಿತ್ತು. ಗ್ರಾಫಿಕ್ಸ್ ಕಾರ್ಡು 2 ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ರೀಸೆಟ್ ಮಾಡಿ ಹೀಗೆ ಬರೆದಿಡುತ್ತದೆ. ನನ್ನಲ್ಲಿ ಅಂಥದ್ದು ಇರಲಿಲ್ಲ.

ಬಿಸಿಯನ್ನೂ ಸುಮ್ನೆ ಊಹೆ ಮಾಡಿ ಬಿಡಲಿಲ್ಲ. ಬಿಸಿ ಅಳೆದು ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್‌ನಲ್ಲಿ ಲಾಗಿಂಗ್ (ಅಳತೆಗಳನ್ನು ಫೈಲಿಗೆ ಬರೆದಿಡುವುದು) ಆನ್ ಮಾಡಿ ರೆಂಡರ್ ಹಾಕಿದೆ. ಮಷಿನ್ ಹೋದರೂ ಫೈಲಿನ ಕೊನೆಯ ಸಾಲು ಉಳಿದಿರುತ್ತದೆ. ಕಾರ್ಡು 80 ಡಿಗ್ರಿಯನ್ನೂ ಮುಟ್ಟಿರಲಿಲ್ಲ. ಆಮೇಲೆ ಅದೇ ಸೀನ್ ಅನ್ನು ಗ್ರಾಫಿಕ್ಸ್ ಕಾರ್ಡು ಬಿಟ್ಟು ಸಿಪಿಯುನಲ್ಲಿ, ಅಂದರೆ ಪ್ರಾಸೆಸರ್‌ನಲ್ಲಿ, ರೆಂಡರ್ ಮಾಡಿದೆ. ನಿಧಾನ, ಆದರೆ ಪೂರ್ತಿ ಮುಗಿಯಿತು. ಮುಂದೆ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ಕಾರ್ಡಿನ ಪವರ್ ಲಿಮಿಟ್ (ಅದು ಎಳೆಯಬಹುದಾದ ಕರೆಂಟಿನ ಮಿತಿ) ಅನ್ನು 65 ಪರ್ಸೆಂಟ್‌ಗೆ ಇಳಿಸಿ ಗ್ರಾಫಿಕ್ಸ್ ಕಾರ್ಡಿನಲ್ಲೇ ಹಾಕಿದೆ. ಅದೂ ಮುಗಿಯಿತು. ಸೀನ್ ಅದೇ, ಡ್ರೈವರ್ ಅದೇ, ಎಳೆಯುವ ಕರೆಂಟು ಮಾತ್ರ ಕಡಿಮೆ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಪಾರ್ಟ್ ಬದಲಾಯಿಸುವ ಮೊದಲು ಎಲ್ಲರೂ ಇದನ್ನು ಮಾಡಿ ನೋಡಬೇಕು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಸುಳಿವು ಕಿವಿಗೆ ಸಿಕ್ಕಿತು. ರೀಸ್ಟಾರ್ಟ್ ಆಗುವ ಕ್ಷಣದಲ್ಲೇ ಟೇಬಲ್ ಕೆಳಗಿನ ಯುಪಿಎಸ್ 'ಟಕ್' ಅನ್ನುತ್ತಿತ್ತು. ನಮ್ಮಲ್ಲಿ ಸಂಜೆ ಎಲ್ಲರ ಮನೆಯಲ್ಲೂ ಲೈಟು, ಮಿಕ್ಸಿ, ಮೋಟರ್ ಶುರುವಾದರೆ ವೋಲ್ಟೇಜ್ ಇಳಿಯುತ್ತದೆ. ಆಗೆಲ್ಲ ಯುಪಿಎಸ್ ಬ್ಯಾಟರಿಗೂ ಮೇನ್ಸ್‌ಗೂ ಹೋಗಿ ಬರುತ್ತಿರುತ್ತದೆ. ತೊಂದರೆ ಸಂಜೆ ಜಾಸ್ತಿ ಇದ್ದದ್ದಕ್ಕೂ ಇದಕ್ಕೂ ತಾಳೆಯಾಯಿತು.

ಖಚಿತ ಮಾಡಿಕೊಳ್ಳಲು ಎಲ್ಲ ಫೈಲ್ ಸೇವ್ ಮಾಡಿ, ಬ್ಯಾಕಪ್ ತೆಗೆದೆ. ಬೇರೇನೂ ಓಡದಿರುವಾಗ ಯುಪಿಎಸ್‌ನ ಗೋಡೆ ಸ್ವಿಚ್ ಆಫ್ ಮಾಡಿದೆ. 'ಟಕ್' ಅಂತು, ಕಂಪ್ಯೂಟರ್ ಅಲುಗಾಡಲಿಲ್ಲ. ರೆಂಡರ್ ಹಾಕಿ, ಕಾರ್ಡು ಪೂರ್ತಿ ಎಳೆಯುತ್ತಿರುವಾಗ ಅದೇ ಸ್ವಿಚ್ ಆಫ್ ಮಾಡಿದೆ. ತಕ್ಷಣ ರೀಸ್ಟಾರ್ಟ್. ಪವರ್ ಲಿಮಿಟ್ ಇಳಿಸಿ ಮತ್ತೆ ಮಾಡಿದೆ. ರೆಂಡರ್ ಓಡುತ್ತಲೇ ಇತ್ತು.

ಒಳಗೆ ಆಗುವುದು ಇಷ್ಟು. ಮನೆಗಳಲ್ಲಿರುವ ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಬದಲಾಗುವಾಗ ಕೆಲವು ಮಿಲಿಸೆಕೆಂಡ್ ಕರೆಂಟೇ ಇರುವುದಿಲ್ಲ. ಅಷ್ಟು ಹೊತ್ತು ಕಂಪ್ಯೂಟರಿನೊಳಗಿನ ಪವರ್ ಸಪ್ಲೈ ತನ್ನ ಕೆಪಾಸಿಟರ್‌ನಲ್ಲಿ ಉಳಿದದ್ದರಲ್ಲೇ ನಡೆಸಬೇಕು. ಲೋಡ್ ಕಡಿಮೆ ಇದ್ದರೆ ಅದು ಸಾಕಾಗುತ್ತದೆ. ಜಾಸ್ತಿ ಇದ್ದರೆ ಮೊದಲೇ ಖಾಲಿ. ಅದರ ಮೇಲೆ ನನ್ನದು 600 ವಿಎ ಯುಪಿಎಸ್. ಇವು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಮಾತ್ರ. ಗ್ರಾಫಿಕ್ಸ್ ಕಾರ್ಡು 200, ಪ್ರಾಸೆಸರ್ ನೂರರ ಮೇಲೆ, ಜೊತೆಗೆ ಮಾನಿಟರ್. ಉಳಿಯುವುದೇನು? ಅಂಗಡಿಯಲ್ಲಿ ಕೇಳಿದಾಗ "ಸರ್, ಎಲ್ಲರಿಗೂ ಇದನ್ನೇ ಕೊಡೋದು" ಅಂದರು. ಬಿಲ್ಲು ಟೈಪ್ ಮಾಡುವ ಮಷಿನ್‌ಗೆ ಅದು ಸರಿ. ಗ್ರಾಫಿಕ್ಸ್ ಕಾರ್ಡು ಹಾಕಿ ರೆಂಡರ್ ಮಾಡುವ ಮಷಿನ್‌ಗೆ ಸಾಲದು.

ಹೆಚ್ಚು ವ್ಯಾಟಿನ, ಸೈನ್ ವೇವ್ (ಮೇನ್ಸ್‌ನಂಥದ್ದೇ ನಯವಾದ ಕರೆಂಟು) ಕೊಡುವ ಯುಪಿಎಸ್ ತಂದೆ. ಪವರ್ ಸಪ್ಲೈಯನ್ನೂ ದೊಡ್ಡದು ಹಾಕಿಸಿದೆ. ಗ್ರಾಫಿಕ್ಸ್ ಕಾರ್ಡಿಗೆ ಎರಡು ಪ್ಲಗ್ ಬೇಕಿತ್ತು, ಒಂದೇ ವೈರಿನಿಂದ ಕವಲೊಡೆದ ಪ್ಲಗ್ ಬಿಟ್ಟು ಎರಡಕ್ಕೂ ಬೇರೆ ಬೇರೆ ಕೇಬಲ್ ಎಳೆಸಿದೆ. ಆಮೇಲೆ ರೆಂಡರ್ ನಡುವೆ ಗೋಡೆ ಸ್ವಿಚ್ ಆಫ್ ಮಾಡಿ ನೋಡಿದೆ. ಮಷಿನ್ ಓಡುತ್ತಲೇ ಇತ್ತು.

ಈಗಲೂ ಬ್ಲೆಂಡರ್ ಒಂದೇ ಮುಚ್ಚಿಹೋಗುವುದು ಉಂಟು. ಅದು ಹೆಚ್ಚಾಗಿ ಕಾರ್ಡಿನ ಮೆಮೊರಿ ತುಂಬಿದ್ದಕ್ಕೆ. ಒಂದು 4ಕೆ ಟೆಕ್ಸ್‌ಚರ್ (ಮಾಡೆಲ್ ಮೇಲೆ ಹಚ್ಚುವ ಚಿತ್ರ) ಮೆಮೊರಿಯಲ್ಲಿ ಸುಮಾರು 64 ಎಂಬಿ ತಿನ್ನುತ್ತದೆ, 8ಕೆ ಆದರೆ 256. ಒಂದು ಸೋಫಾಕ್ಕೆ ಬಣ್ಣ, ರಫ್‌ನೆಸ್, ನಾರ್ಮಲ್ ಅಂತ ಮೂರು ನಾಲ್ಕು ಇರುತ್ತವೆ. ಮೂಲೆಯಲ್ಲಿ ಕಾಣುವ ಸೋಫಾಕ್ಕೆ 8ಕೆ ಯಾಕೆ? ಬ್ಲೆಂಡರ್‌ನ ಸಿಂಪ್ಲಿಫೈ ಸೆಟ್ಟಿಂಗ್‌ನಲ್ಲಿ ಟೆಕ್ಸ್‌ಚರ್ ಲಿಮಿಟ್ ಹಾಕುತ್ತೇನೆ, ಮುಗಿಯಿತು.

ವಾಕ್‌ಥ್ರೂ (ಮನೆಯೊಳಗೆ ನಡೆದಾಡಿದಂತೆ ತೋರಿಸುವ ವಿಡಿಯೋ) ಇದ್ದರೆ ನೇರವಾಗಿ ವಿಡಿಯೋ ಫೈಲಿಗೆ ರೆಂಡರ್ ಮಾಡುವುದಿಲ್ಲ. ಪಿಎನ್‌ಜಿ ಫ್ರೇಮ್‌ಗಳಾಗಿ ತೆಗೆದು, ಔಟ್‌ಪುಟ್‌ನಲ್ಲಿ ಓವರ್‌ರೈಟ್ ಟಿಕ್ ತೆಗೆದಿಡುತ್ತೇನೆ. ನಡುವೆ ನಿಂತರೂ ಆಗಿರುವ ಫ್ರೇಮ್ ಉಳಿಯುತ್ತವೆ, ಮತ್ತೆ ರೆಂಡರ್ ಕೊಟ್ಟರೆ ಉಳಿದವನ್ನಷ್ಟೇ ಮಾಡುತ್ತದೆ.