ಹಳೆಯ ಸತು-ಸೀಸದ ರಿಪೋರ್ಟ್ ಓದುವುದು ಹೇಗೆ?

ಸತು-ಸೀಸ ಸಿಕ್ಕ ಜಾಗದ ಹಳೆಯ ರಿಪೋರ್ಟ್ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಶೇಕಡಾ ಎಷ್ಟು ಅನ್ನುವ ಅಂಕಿಗೆ. ಅದು ಆಮೇಲೆ ಇರಲಿ, ಮೊದಲು ಅದಿರು ಯಾವ ಕಲ್ಲಿನಲ್ಲಿದೆ ನೋಡಿ. ಸುಣ್ಣದಕಲ್ಲು ಅಥವಾ ಅದರದೇ ಜಾತಿಯ ಡಾಲೊಮೈಟ್ ಕಲ್ಲು ಆಗಿದ್ದರೆ, ಬಿಸಿ ಉಪ್ಪುನೀರು ಬಿರುಕು-ಪೊಳ್ಳುಗಳಲ್ಲಿ ಹರಿದು ಅದಿರು ತುಂಬಿಸಿರಬಹುದು. ಅಂಥದ್ದು ಅಲ್ಲಲ್ಲಿ ಸಿಕ್ಕಿ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಹಾಗಾಗಿ ಒಂದು ಬೋರ್ ಖಾಲಿ ಹೋಯಿತು ಅಂತ ಇಡೀ ಜಾಗವನ್ನೇ ಕೈಬಿಡಬೇಡಿ.

ಇಸವಿಯನ್ನೂ ನೋಡಿ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ 1883ರಲ್ಲಿ ಅದಿರು ಸಿಕ್ಕಿತು. ಶುರುವಿನಲ್ಲಿ ಎಲ್ಲರಿಗೂ ಬೇಕಿದ್ದದ್ದು ಬೆಳ್ಳಿ ಮತ್ತು ಸೀಸ, ಸತು ಹೋಗಿದ್ದು ಕಸದ ರಾಶಿಗೆ. 20ನೇ ಶತಮಾನದ ಆರಂಭದಲ್ಲಿ ಅದಿರನ್ನು ನೊರೆಯಲ್ಲಿ ತೇಲಿಸಿ ಬೇರ್ಪಡಿಸುವುದು ಗೊತ್ತಾದ ಮೇಲೆ ಅದೇ ರಾಶಿಯಿಂದ ಸತು ತೆಗೆದರು! ಹಳೇ ಪಟ್ಟಿಯಲ್ಲಿ ಸತುವಿನ ಜಾಗ ಖಾಲಿ ಇದ್ದರೆ ಸತು ಇರಲಿಲ್ಲ ಅಂತಲ್ಲ, ಪರೀಕ್ಷೆಯನ್ನೇ ಮಾಡಿರಲಿಕ್ಕಿಲ್ಲ.

ಜಾಸ್ತಿ ಜನ ಎಡವುವುದು ಗಾಸನ್ ವಿಷಯದಲ್ಲಿ, ಅಂದರೆ ಅದಿರಿನ ನೆತ್ತಿಯ ಮೇಲೆ ಉಳಿಯುವ ತುಕ್ಕು ಬಣ್ಣದ ಕಲ್ಲು. ಮಳೆ-ಗಾಳಿಗೆ ಅದಿರು ಕೊಳೆತಾಗ ಹುಳಿ ನೀರು ಹುಟ್ಟುತ್ತದೆ, ಸತು ಅದರಲ್ಲಿ ಕರಗಿ ಹರಿದುಹೋಗುತ್ತದೆ, ಸೀಸ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಮೇಲೆ ಸೀಸ ಮಾತ್ರ ಕಂಡರೂ ಕೆಳಗೆ ಸತು ಧಾರಾಳ ಇರಬಹುದು.

ನೆಲದಡಿ ಎಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ ಅಂತ ಅಳೆದು ಅದಿರು ಹುಡುಕುವ ವಿದ್ಯುತ್ ಸಮೀಕ್ಷೆಯನ್ನೂ ಸುಮ್ನೆ ನಂಬಬೇಡಿ. ಸೀಸದ ಅದಿರು ಗೆಲೀನಾ ವಿದ್ಯುತ್ ಹರಿಸುತ್ತದೆ, ಸತುವಿನ ಅದಿರು ಸ್ಫಾಲರೈಟ್ ಹೆಚ್ಚುಕಮ್ಮಿ ಹರಿಸುವುದೇ ಇಲ್ಲ. ಸತು-ಸೀಸದ ಅದಿರೇ ಅಲ್ಲದ ಗ್ರಾಫೈಟ್ ಮಾತ್ರ ಸಮೀಕ್ಷೆಯಲ್ಲಿ ಜೋರಾಗಿ ಕಾಣಿಸಿಕೊಳ್ಳುತ್ತದೆ.

ಈಗ ಅಂಕಿಗೆ ಬನ್ನಿ. ‘10 ಮೀಟರ್, ಶೇ. 2 ಸತು’ ಅಂತಿದ್ದರೆ ಒಂದೊಂದು ಮೀಟರಿನ ಲೆಕ್ಕ ಬಿಡಿಸಿ ನೋಡಿ. ಒಂದು ಮೀಟರಿನಲ್ಲಿ ಶೇ. 20 ಇದ್ದು ಉಳಿದ ಒಂಬತ್ತರಲ್ಲಿ ಏನೂ ಇಲ್ಲದಿದ್ದರೂ ಸರಾಸರಿ ಅಷ್ಟೇ ಅಲ್ವಾ? ಬೋರ್ ಪದರಕ್ಕೆ 30 ಡಿಗ್ರಿ ಓರೆಯಲ್ಲಿ ಹೊಕ್ಕಿದ್ದರೆ ಆ 10 ಮೀಟರಿನ ನಿಜವಾದ ದಪ್ಪ 5 ಮೀಟರ್.

ಕೋರ್ ಕಲ್ಲುಗಳು, ಅಂದರೆ ಬೋರ್ ಕೊರೆದಾಗ ಹೊರತೆಗೆದ ಕೋಲಿನಂಥ ಕಲ್ಲಿನ ತುಂಡುಗಳು, ಉಳಿದಿದ್ದರೆ ಮತ್ತೆ ನೋಡಲೇಬೇಕು. ಗೆಲೀನಾ ಭಾರ, ಹೊಳಪು, ಚೌಕಾಕಾರದ ಒಡಕು, ಬೇಗ ಗುರುತು ಸಿಗುತ್ತದೆ. ಜೇನಿನ ಬಣ್ಣದ ಸ್ಫಾಲರೈಟ್ ಸುಲಭವಾಗಿ ಕಣ್ತಪ್ಪುತ್ತದೆ. ಚಾಕುವಿನಿಂದ ಕೆರೆದು, ಆ ಪುಡಿಗೆ ತೆಳುವಾದ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಬಿಡಿ. ಬರೀ ನೊರೆ ಬಂದರೆ ಸುಣ್ಣದಕಲ್ಲು ಇರಬಹುದು. ಕೊಳೆತ ಮೊಟ್ಟೆಯ ವಾಸನೆ ಬಂತೋ, ಆ ತುಂಡನ್ನು ಲ್ಯಾಬಿಗೆ ಕಳಿಸಿ.