ತುಂಡಾದ ಎಕ್ಸ್‌ಲಿಫ್ ಕಡತದಿಂದ ಅನುವಾದವನ್ನು ಉಳಿಸಿಕೊಂಡ ಬಗೆ

ದೊಡ್ಡದೊಂದು ಕೈಪಿಡಿಯ ಅನುವಾದವನ್ನು ಎಕ್ಸ್‌ಲಿಫ್ ಕಡತವಾಗಿ (ಅನುವಾದ ತಂತ್ರಾಂಶಗಳು ಮೂಲವನ್ನೂ ಅನುವಾದವನ್ನೂ ಜೋಡಿಯಾಗಿ ಇಡುವ ಕಡತ) ಸೇವ್ ಮಾಡುತ್ತಿದ್ದಾಗಲೇ ವಿದ್ಯುತ್ ಹೋಗಿ ಕಂಪ್ಯೂಟರ್ ಆರಿತು. ಮತ್ತೆ ತೆರೆಯಲು ಹೋದರೆ, ಕಡತ ಇಂಥ ಸಾಲಿನಲ್ಲಿ ಅನಿರೀಕ್ಷಿತವಾಗಿ ಮುಗಿದಿದೆ ಎಂಬ ಸಂದೇಶವಷ್ಟೇ ಬಂತು. ಇಂಥ ಸಂದೇಶದಲ್ಲಿರುವ ಸಾಲಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ದುರಸ್ತಿ ಅಲ್ಲಿಂದಲೇ ಶುರುವಾಗುತ್ತದೆ.

ಎಕ್ಸ್‌ಲಿಫ್ ಎಂಬುದು ಎಕ್ಸ್‌ಎಂಎಲ್ ರೂಪದ, ಅಂದರೆ ಟ್ಯಾಗ್ ಎಂಬ ಗುರುತುಗಳಿಂದ ಭಾಗಮಾಡಿದ, ಪಠ್ಯವೇ ಆದ್ದರಿಂದ, ಹಾಳಾದ ಕಡತವನ್ನು ಹಾಗೆಯೇ ಬಿಟ್ಟು, ಅದರ ಒಂದು ಪ್ರತಿಯನ್ನು ಪಠ್ಯ ಸಂಪಾದಕವಾದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದೆ. ‘ಟ್ರಾನ್ಸ್-ಯುನಿಟ್’ ಎಂಬ ಪ್ರತಿಯೊಂದು ಘಟಕದ ಒಳಗೆ ಮೂಲವಾಕ್ಯಕ್ಕೆ ‘ಸೋರ್ಸ್’, ಅನುವಾದಕ್ಕೆ ‘ಟಾರ್ಗೆಟ್’ ಎಂಬ ಟ್ಯಾಗ್‌ಗಳಿದ್ದವು. ಕೊನೆಯ ಟಾರ್ಗೆಟ್ ಪದದ ನಡುವೆಯೇ ತುಂಡಾಗಿ, ತುದಿಯ ಅಕ್ಷರ ಸರಿಯಾಗಿ ಕಾಣುತ್ತಿರಲಿಲ್ಲ: ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್ ಹಿಡಿಯುತ್ತದೆ, ತುಂಡಾದದ್ದು ಆ ಮೂರರ ನಡುವೆ. ಅದಕ್ಕಿಂತ ಮೇಲಿನದೆಲ್ಲ ಸರಿಯಾಗಿಯೇ ಇತ್ತು.

ಅರ್ಧವಾಗಿದ್ದ ಆ ಘಟಕವನ್ನು ಪೂರ್ತಿ ಅಳಿಸಿ, ಅದರ ಕೆಳಗೆ ‘ಬಾಡಿ’, ‘ಫೈಲ್’, ‘ಎಕ್ಸ್‌ಲಿಫ್’ ಟ್ಯಾಗ್‌ಗಳನ್ನು ಒಳಗಿನಿಂದ ಹೊರಕ್ಕೆ ಇದೇ ಕ್ರಮದಲ್ಲಿ ಮುಚ್ಚಿದೆ. ಪ್ರತಿಯ ಹೆಸರಿನ ಕೊನೆಯನ್ನು ‘.ಎಕ್ಸ್‌ಎಂಎಲ್’ ಎಂದು ಬದಲಿಸಿ ಬ್ರೌಸರ್‌ಗೆ ಕೊಟ್ಟರೆ, ರಚನೆ ಸರಿಯಿದ್ದಲ್ಲಿ ಟ್ಯಾಗ್‌ಗಳು ಒಂದರೊಳಗೊಂದು ಕಾಣುತ್ತವೆ, ಇಲ್ಲದಿದ್ದರೆ ಮುಂದಿನ ದೋಷದ ಸಾಲು ಸಿಗುತ್ತದೆ. (ತುಂಡಾಗದ ಕಡತವೂ ತೆರೆಯದಿದ್ದರೆ ನಾನು ಮೊದಲು ಹುಡುಕುವುದು, ಪಿಡಿಎಫ್‌ನಿಂದ ನಕಲಿಸುವಾಗ ನುಸುಳಿದ ಕಣ್ಣಿಗೆ ಕಾಣದ ನಿಯಂತ್ರಣ ಸಂಕೇತಗಳನ್ನು; 32ಕ್ಕಿಂತ ಕೆಳಗಿನ ಸಂಖ್ಯೆಯ ಸಂಕೇತಗಳಲ್ಲಿ ಎಕ್ಸ್‌ಎಂಎಲ್ 1.0 ಒಪ್ಪುವುದು ಟ್ಯಾಬ್ ಮತ್ತು ಎರಡು ಸಾಲುಮುರಿತಗಳನ್ನು ಮಾತ್ರ.)

ಹೀಗೆ ತೆರೆದುಕೊಂಡ ಕಡತದಲ್ಲೇ ಕೆಲಸ ಮುಂದುವರಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊನೆಯ ಭಾಗದ ಘಟಕಗಳೇ ಇಲ್ಲದ ಕಡತದಿಂದ ಪೂರ್ತಿ ದಾಖಲೆ ಹೊರಬರಲಾರದು. ಆದ್ದರಿಂದ ಅದರಲ್ಲಿದ್ದ ವಾಕ್ಯಜೋಡಿಗಳನ್ನು ಹೊಸದೊಂದು ಟ್ರಾನ್ಸ್‌ಲೇಶನ್ ಮೆಮೊರಿಗೆ (ಹಳೆಯ ಅನುವಾದಗಳನ್ನು ಮರುಬಳಕೆಗೆ ಇಡುವ ಸಂಗ್ರಹ) ಆಮದು ಮಾಡಿ, ಮೂಲ ದಾಖಲೆಯನ್ನು ಮೊದಲಿನ ಸೆಗ್ಮೆಂಟ್ ನಿಯಮಗಳಿಂದಲೇ (ಪಠ್ಯವನ್ನು ವಾಕ್ಯಗಳಾಗಿ ಒಡೆಯುವ ನಿಯಮಗಳು) ಅನುವಾದ ತಂತ್ರಾಂಶಕ್ಕೆ ಮತ್ತೆ ಸೇರಿಸಿ, 100% ಹೊಂದಿಕೆಗಳನ್ನು, ಅಂದರೆ ಮೂಲವಾಕ್ಯ ಪೂರ್ತಿ ಒಂದೇ ಆಗಿದ್ದವನ್ನು, ಮಾತ್ರ ತುಂಬಿಸಿದೆ. ಕನ್ಫರ್ಮ್ ಮಾಡದೆ ಬಿಟ್ಟಿದ್ದ ಕರಡು ವಾಕ್ಯಗಳು ಬಿಟ್ಟುಹೋಗದಂತೆ, ಆಮದಿನ ಆಯ್ಕೆಗಳಲ್ಲಿ ಅವುಗಳನ್ನೂ ಗುರುತಿಸಬೇಕಾಯಿತು.

ಹೆಚ್ಚು ಹೊತ್ತು ಹಿಡಿದದ್ದು ಪುನರಾವರ್ತಿತ ವಾಕ್ಯಗಳು. ಒಂದೇ ಮೂಲವಾಕ್ಯವನ್ನು ಶೀರ್ಷಿಕೆಯಲ್ಲಿ ಒಂದು ಬಗೆಯಾಗಿ, ಗುಂಡಿಯ ಹೆಸರಾಗಿ ಬಂದಲ್ಲಿ ಇನ್ನೊಂದು ಬಗೆಯಾಗಿ ಅನುವಾದಿಸಿದ್ದ ಕಡೆಗಳಲ್ಲಿ ಮೆಮೊರಿ ಎಲ್ಲೆಡೆ ಒಂದನ್ನೇ ತುಂಬಿತ್ತು. ದುರಸ್ತಿಯಾದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಅವನ್ನು ಒಂದೊಂದಾಗಿ ತಿದ್ದಿದೆ. ಕಳೆದುಹೋದ ಕೊನೆಯ ಭಾಗವನ್ನು ಅನುವಾದಿಸುವ ಮುನ್ನವೇ ಒಮ್ಮೆ ಅಂತಿಮ ದಾಖಲೆಯನ್ನು ರಫ್ತು ಮಾಡಿ, ಟ್ಯಾಗ್‌ಗಳೂ ಕೋಷ್ಟಕಗಳೂ ಸ್ವಸ್ಥಾನದಲ್ಲಿರುವುದನ್ನು ನೋಡಿಕೊಂಡ ಮೇಲೆ ಉಳಿದ ಕೆಲಸಕ್ಕೆ ಕೈಹಾಕಿದೆ.